ಕಾರ್ಡಿನ ಉದ್ರಿಗೂ ಒಂದು ವಹಿ ಇಡಿ

ನಾನು ಹುಟ್ಟಿ ಬೆಳೆದದ್ದು ರಾಣೆಬೆನ್ನೂರಿನಲ್ಲಿ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಗಲ್ಲಾ ಪೆಟ್ಟಿಗೆಯ ಪಕ್ಕ ಕೆಂಪು ರಟ್ಟಿನ ಉದ್ದನೆಯ ಉದ್ರಿ ವಹಿ ಇರುತ್ತಿತ್ತು. ತಿಂಗಳ ಕೊನೆಯ ವಾರ ಅವ್ವ ಸಾಮಾನಿಗೆ ಹೋದಾಗ, ಶೆಟ್ಟರು ತಕ್ಕಡಿ ಮುಟ್ಟುವ ಮೊದಲು ಆ ವಹಿ ತೆರೆದು, ನಮ್ಮ ಹಾಳೆಯ ಮೇಲೆ ಬೆರಳಾಡಿಸಿ, "ಅಕ್ಕಾರ, ಹಿಂದಿಂದು ಆರನೂರಾ ಎಂಬತ್ತು ಆಗೇತಿ ನೋಡ್ರಿ" ಎನ್ನುತ್ತಿದ್ದರು. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಎಣ್ಣಿ ಅರ್ಧಾ ಕೆಜಿ ಸಾಕ್ರಿ ಶೆಟ್ಟರ" ಎನ್ನುತ್ತಿದ್ದಳು.

ಕ್ರೆಡಿಟ್ ಕಾರ್ಡ್ ಕೂಡ ಉದ್ರಿಯೇ. ಆದರೆ ಉಜ್ಜುವ ಮೊದಲು ಹಿಂದಿನ ಬಾಕಿಯನ್ನು ಓದಿ ಹೇಳುವವರು ಅಲ್ಲಿ ಯಾರೂ ಇಲ್ಲ. ಬಿಲ್ಲು ಬರುವುದು ತಿಂಗಳಾದ ಮೇಲೆ. ಅಷ್ಟರಲ್ಲಿ ಏನು ಕೊಂಡೆವು, ಯಾಕೆ ಕೊಂಡೆವು ಎಂಬುದೇ ಮರೆತಿರುತ್ತದೆ. ನನ್ನ ಮಟ್ಟಿಗೆ ಕಾರ್ಡಿನ ತೊಂದರೆಯೆಲ್ಲ ಹುಟ್ಟುವುದು ಈ ಒಂದು ಜಾಗದಲ್ಲಿ. ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲ ಶೆಟ್ಟರ ಆ ಒಂದು ಮಾತನ್ನು ನಮ್ಮ ಮನೆಗೆ ಮರಳಿ ತರುವ ಪ್ರಯತ್ನ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮನೆ ಬದಲಾಯಿಸಿದ ವರ್ಷ ವಾಷಿಂಗ್ ಮಷಿನ್ನು, ಮಂಚ, ಊರಿಗೆ ಹೋಗಿಬಂದ ಟಿಕೆಟ್ಟು ಎಲ್ಲ ಸೇರಿ ಕಾರ್ಡಿನ ಮೇಲೆ ₹40,000 ಬಾಕಿ ಕೂತಿತು. ಬಿಲ್ಲಿನಲ್ಲಿ 'ಮಿನಿಮಮ್ ಅಮೌಂಟ್ ಡ್ಯೂ ₹2,000' ಎಂದಿತ್ತು. ಅಷ್ಟು ಕಟ್ಟಿದರೆ ಆಯಿತು ಅಂದುಕೊಂಡೆ. ತಿಂಗಳಿಗೆ 2,000ದಂತೆ 14 ತಿಂಗಳು ಕಟ್ಟಿದೆ, ಆ ಕಾರ್ಡಿನಲ್ಲಿ ಬೇರೇನೂ ಕೊಳ್ಳಲಿಲ್ಲ. ಒಟ್ಟು ಕಟ್ಟಿದ್ದು ₹28,000. ಸಾಲ ಇಳಿದದ್ದು ಆರೂವರೆ ಸಾವಿರವೂ ಅಲ್ಲ. ಬ್ಯಾಂಕಿಗೆ ಫೋನ್ ಮಾಡಿ ಜಗಳವಾಡಿದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಆ ಲೆಕ್ಕವನ್ನು ಒಮ್ಮೆಯೂ ಓದಿರಲಿಲ್ಲ.

ಲೆಕ್ಕ ಇಷ್ಟೇ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. 40,000ಕ್ಕೆ ₹1,400. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ ₹252. ಒಟ್ಟು ₹1,652. ನಾನು ಕಟ್ಟಿದ 2,000ದಲ್ಲಿ ಅಸಲಿಗೆ ಹೋದದ್ದು ಬರೀ ₹348. ಹೀಗೇ 2,000ದಂತೆ ಕಟ್ಟುತ್ತ ಹೋಗಿದ್ದರೆ ಸಾಲ ತೀರಲು 43 ತಿಂಗಳಿಗೂ ಮೇಲೆ ಬೇಕಿತ್ತು, ಕೈಯಿಂದ ಹೋಗುವ ಹಣ ₹86,000 ದಾಟುತ್ತಿತ್ತು. ಅದೇ ಸಾಲಕ್ಕೆ ತಿಂಗಳಿಗೆ 5,000 ಕಟ್ಟಿದ್ದರೆ ಹತ್ತು ತಿಂಗಳಲ್ಲಿ, ಐವತ್ತು ಸಾವಿರದ ಒಳಗೆ ಮುಗಿಯುತ್ತಿತ್ತು.

ಹೆಜ್ಜೆ 1: ಒಂದು ಭಾನುವಾರ ಎಲ್ಲವನ್ನೂ ಹರವಿಕೊಂಡು ಕೂರಿ

ಮನೆಯಲ್ಲಿ ಎಷ್ಟು ಕಾರ್ಡುಗಳಿವೆಯೋ ಅಷ್ಟರ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಒಂದು ಹಾಳೆಯಲ್ಲಿ ಪ್ರತಿ ಕಾರ್ಡಿಗೂ ಬರೆಯಿರಿ: ಒಟ್ಟು ಬಾಕಿ, ತಿಂಗಳ ಬಡ್ಡಿ ದರ, ಬಿಲ್ಲು ಆಗುವ ದಿನ, ಕಟ್ಟಬೇಕಾದ ಕೊನೆಯ ದಿನ, ನಡೆಯುತ್ತಿರುವ ಇಎಂಐಗಳು, ವರ್ಷದ ಫೀ. ಬಡ್ಡಿ ದರ ಬಿಲ್ಲಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ. ತಿಂಗಳಿಗೆ ಮೂರು, ಮೂರೂವರೆ, ಮೂರೂಮುಕ್ಕಾಲು ಎಂದಾಗ ಸಣ್ಣದೆನಿಸುತ್ತದೆ. ಹನ್ನೆರಡರಿಂದ ಗುಣಿಸಿ ಬರೆಯಿರಿ: 36, 42, 45. ಊರಲ್ಲಿ ಕೈಗಡ ಕೊಡುವವರು ಕೇಳುವ ದರಕ್ಕಿಂತ ಇದು ಕಡಿಮೆಯೇನಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ 30% ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ದರ ನೋಡಿಕೊಳ್ಳುವ ಕೆಲಸ ಈಗ ನಮ್ಮದೇ.

ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಗಂಡನೋ ಹೆಂಡತಿಯೋ ಬಚ್ಚಿಟ್ಟ ಬಾಕಿ ಇದ್ದರೆ ಅದು ಹೊರಬರಬೇಕಾದದ್ದು ಈ ಹಾಳೆಯ ಮುಂದೆಯೇ. ನಾನು ನನ್ನ ಹೆಂಡತಿಗೆ ಹೇಳಲು 14 ತಿಂಗಳು ತೆಗೆದುಕೊಂಡೆ. ಮೊದಲ ತಿಂಗಳೇ ಹೇಳಿದ್ದರೆ ಸಾಲಕ್ಕೆ ಅಷ್ಟು ವಯಸ್ಸಾಗುತ್ತಿರಲಿಲ್ಲ.

ಹೆಜ್ಜೆ 2: ಬಡ್ಡಿಯಿಲ್ಲದ ದಿನಗಳು ಹೇಗೆ ಬರುತ್ತವೆ, ಹೇಗೆ ಹೋಗುತ್ತವೆ

ಕಾರ್ಡಿನ ನಿಜವಾದ ಲಾಭ ಇರುವುದು ಇಲ್ಲಿ. ನಿಮ್ಮ ಬಿಲ್ಲು ಪ್ರತಿ ತಿಂಗಳು 5ನೇ ತಾರೀಖು ಆಗುತ್ತದೆ, ಕಟ್ಟಲು ಕೊನೆಯ ದಿನ 25 ಎಂದುಕೊಳ್ಳಿ. ಏಪ್ರಿಲ್ 6ಕ್ಕೆ ಕೊಂಡ ವಸ್ತು ಮೇ 5ರ ಬಿಲ್ಲಿಗೆ ಬರುತ್ತದೆ, ಮೇ 25ರವರೆಗೆ ಬಡ್ಡಿ ಇಲ್ಲ. ಹತ್ತಿರಹತ್ತಿರ ಐವತ್ತು ದಿನ ಸಿಕ್ಕಿತು. ಅದೇ ವಸ್ತುವನ್ನು ಮೇ 4ಕ್ಕೆ ಕೊಂಡರೆ ಸಿಗುವುದು 21 ದಿನ. ದೊಡ್ಡ ಖರೀದಿ ಇದ್ದರೆ ಬಿಲ್ಲಾದ ಮರುದಿನ ಮಾಡಿ ಎಂದು ತಿಳಿದವರು ಹೇಳುವುದು ಇದಕ್ಕೇ.

ಆದರೆ ಈ ಸೌಲಭ್ಯ ಸಿಗುವುದು ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಇದನ್ನು ಎಷ್ಟೋ ಜನ ಓದಿದವರೂ ತಪ್ಪು ತಿಳಿದಿರುತ್ತಾರೆ, ಅದಕ್ಕೇ ಒಂದು ಉದಾಹರಣೆ ಬಿಡಿಸಿ ಇಡುತ್ತೇನೆ. ಏಪ್ರಿಲ್ 10ಕ್ಕೆ ₹30,000ದ ಫ್ರಿಡ್ಜ್ ಕೊಂಡಿರಿ. ಮೇ 25ಕ್ಕೆ ₹29,000 ಕಟ್ಟಿದಿರಿ, ಒಂದು ಸಾವಿರ ಮುಂದಿನ ತಿಂಗಳಿಗೆ ಉಳಿಯಿತು. ಬಡ್ಡಿ ಉಳಿದ ಒಂದು ಸಾವಿರಕ್ಕೆ ಬೀಳುತ್ತದೆ ಎಂಬುದು ನಮ್ಮ ನಂಬಿಕೆ. ಹಲವು ಬ್ಯಾಂಕುಗಳ ಲೆಕ್ಕ ಹಾಗಿಲ್ಲ. ಪೂರ್ತಿ ಕಟ್ಟಲಿಲ್ಲವಾದ್ದರಿಂದ ಕೊಂಡ ದಿನದಿಂದ ಕಟ್ಟಿದ ದಿನದವರೆಗೆ, ಅಂದರೆ 45 ದಿನಕ್ಕೆ, ಪೂರಾ 30,000ದ ಮೇಲೆ ಬಡ್ಡಿ: ವರ್ಷಕ್ಕೆ 42ರಂತೆ ಸುಮಾರು ₹1,553. ಆಮೇಲೆ ಜೂನ್ 5ರವರೆಗೆ ಉಳಿದ ಸಾವಿರಕ್ಕೆ ₹13. ಜಿಎಸ್‌ಟಿ ಸೇರಿದರೆ ₹1,848. ಒಂದು ಸಾವಿರ ಹಿಂದೆ ಉಳಿಸಿದ್ದಕ್ಕೆ ಅದರ ಸುಮಾರು ಎರಡು ಪಟ್ಟು ತೆತ್ತಂತಾಯಿತು. ಕಾರ್ಡಿನ ಜೊತೆ ಬರುವ 'ಅತಿ ಮುಖ್ಯ ನಿಯಮ ಮತ್ತು ಷರತ್ತುಗಳು' ಎಂಬ ಪತ್ರದಲ್ಲಿ ನಿಮ್ಮ ಬ್ಯಾಂಕ್ ಬಡ್ಡಿ ಹಾಕುವ ರೀತಿಯನ್ನು ಉದಾಹರಣೆ ಸಮೇತ ಕೊಟ್ಟಿರುತ್ತದೆ. ಒಮ್ಮೆ ಪೆನ್ನು ಹಿಡಿದು ಓದಿ.

ಬಾಕಿ ಉಳಿದಿರುವಾಗ ಹೊಸದಾಗಿ ಉಜ್ಜಿದ ಪ್ರತಿಯೊಂದಕ್ಕೂ ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಅದೇ ಕಾರ್ಡಿನಲ್ಲಿ ಹಾಲು, ತರಕಾರಿ, ಪೆಟ್ರೋಲು ಕೊಂಡರೆ ಅದಕ್ಕೂ 42%. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರಂತೂ ಯಾವಾಗಲೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಫೀ ಬೇರೆ. ಫೀ ಕನಿಷ್ಠ ₹500 ಇರುವ ಕಡೆ ಐದು ಸಾವಿರ ತೆಗೆದರೆ ಜಿಎಸ್‌ಟಿ ಸೇರಿ ₹590 ಆಗಲೇ ಹೋಯಿತು. ಅಷ್ಟು ತುರ್ತಿದ್ದರೆ ಗೆಳೆಯರ ಹತ್ತಿರ ಕೈಗಡ ಕೇಳಿ, ನಾಚಿಕೆ ಬೇಡ.

ಹೆಜ್ಜೆ 3: ಸಾಲ ಈಗಾಗಲೇ ಕೂತಿದ್ದರೆ

ಮೊದಲು ಆ ಕಾರ್ಡನ್ನು ನಿಲ್ಲಿಸಿ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಅಂಗಡಿ, ವಿದೇಶ, ಎಟಿಎಂ ಎಂದು ಬೇರೆ ಬೇರೆ ಸ್ವಿಚ್‌ಗಳಿರುತ್ತವೆ. ಎಲ್ಲ ಆರಿಸಿ. ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದರೆ ಹೊಯ್ದವರಿಗೆ ದಣಿವೇ ಹೊರತು ಕೊಡ ತುಂಬುವುದಿಲ್ಲ.

ಆಮೇಲೆ ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸುವ ದಾರಿ ನೋಡಿ. ನಾವು ಮಾಡಿದ್ದು ಒಡವೆ ಸಾಲ. ಹೆಂಡತಿ ಎರಡು ಬಳೆ ಬಿಚ್ಚಿಕೊಟ್ಟಳು. ಆಗ ಕಾರ್ಡಿನಲ್ಲಿ ಉಳಿದಿದ್ದ ಸುಮಾರು 33,600ಕ್ಕೆ ಬಡ್ಡಿ, ಜಿಎಸ್‌ಟಿ ಸೇರಿ ತಿಂಗಳಿಗೆ ₹1,387 ಹೋಗುತ್ತಿತ್ತು. ಅದೇ ಮೊತ್ತಕ್ಕೆ ವರ್ಷಕ್ಕೆ ಹತ್ತರಂತೆ ಒಡವೆ ಸಾಲದ ಬಡ್ಡಿ ತಿಂಗಳಿಗೆ ₹280. ನೌಕರರ ಸೊಸೈಟಿಯಲ್ಲಿ ಸದಸ್ಯರಾಗಿದ್ದರೆ ಅಲ್ಲಿ ಕೇಳಿ. ಎಫ್‌ಡಿ ಇದ್ದರೆ ಅದರ ಮೇಲೆ ಸಾಲ ಸಿಗುತ್ತದೆ. ಎಫ್‌ಡಿಗೆ ಏಳು ಪರ್ಸೆಂಟ್ ಬರುತ್ತದೆಂದು ಅದನ್ನು ಕಾಪಾಡಿಕೊಂಡು ಇತ್ತ 42 ಪರ್ಸೆಂಟ್ ಕಟ್ಟುವವರನ್ನು ನಾನು ನೋಡಿದ್ದೇನೆ. ಅಂಥವರು ಎಫ್‌ಡಿ ಮುರಿಯುವುದೇ ಒಳ್ಳೆಯದು. ಇದೊಂದೂ ಇಲ್ಲದಿದ್ದರೆ ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಕಾರ್ಡಿನ ಬ್ಯಾಂಕನ್ನೇ ಕೇಳಿ. ಆ ದರ ಕಾರ್ಡಿನ ಮಾಮೂಲಿ ಬಡ್ಡಿಗಿಂತ ಸಾಮಾನ್ಯವಾಗಿ ಸಾಕಷ್ಟು ಕಡಿಮೆ ಇರುತ್ತದೆ.

ಮಾಡಬಾರದ್ದು ಎರಡು. ಒಂದು ಕಾರ್ಡಿನ ಬಿಲ್ಲನ್ನು ಇನ್ನೊಂದು ಕಾರ್ಡಿನಿಂದ ನಗದು ಎಬ್ಬಿಸಿ ಕಟ್ಟುವುದು. ಐದು ನಿಮಿಷದಲ್ಲಿ ಸಾಲ ಎನ್ನುವ, ಹೆಸರು ಕೇಳಿರದ ಲೋನ್ ಆ್ಯಪ್‌ಗೆ ಫೋನಿನ ಫೋಟೋ, ಕಾಂಟ್ಯಾಕ್ಟ್ ಎಲ್ಲ ಒಪ್ಪಿಸುವುದು.

ಹಲವು ಕಾರ್ಡುಗಳಲ್ಲಿ ಬಾಕಿ ಇದ್ದರೆ ಎಲ್ಲದಕ್ಕೂ ಮಿನಿಮಮ್ ತಪ್ಪಿಸದೆ, ಮಿಕ್ಕ ಹಣವನ್ನೆಲ್ಲ ಒಂದೇ ಕಾರ್ಡಿಗೆ ಹಾಕಿ. ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಬೇಕು. ಆದರೆ ಕಾರ್ಡು ಕಾರ್ಡಿಗೆ ದರದಲ್ಲಿ ಹೆಚ್ಚು ಅಂತರ ಇರುವುದಿಲ್ಲ. ಹಾಗಿದ್ದಾಗ ಚಿಕ್ಕ ಬಾಕಿಯದನ್ನು ಮೊದಲು ಮುಗಿಸಿ ಎನ್ನುತ್ತೇನೆ. ಹಾಳೆಯ ಮೇಲೆ ಒಂದು ಸಾಲಿಗೆ ಅಡ್ಡಗೆರೆ ಎಳೆದ ದಿನ ಮನೆಯವರಿಗೆಲ್ಲ ಬರುವ ಉಸಿರು ಬೇರೆಯೇ.

ಕಟ್ಟಲು ಆಗುವುದೇ ಇಲ್ಲ ಎನ್ನುವಂತಿದ್ದರೆ ಫೋನ್ ಆಫ್ ಮಾಡಿ ಕೂರಬೇಡಿ. ಬ್ಯಾಂಕಿಗೆ ಇಮೇಲ್ ಮೂಲಕ ಪರಿಸ್ಥಿತಿ ತಿಳಿಸಿ. 'ಇಷ್ಟು ಕಟ್ಟಿ, ಸೆಟಲ್ ಮಾಡಿ ಮುಗಿಸೋಣ' ಎಂದು ಅವರು ಅಂದರೆ ಹಣ ಉಳಿಯುತ್ತದೆ ನಿಜ, ಆದರೆ ಸಿಬಿಲ್ ವರದಿಯಲ್ಲಿ, ಅಂದರೆ ನಮ್ಮ ಸಾಲಗಳ ಇತಿಹಾಸ ಇರುವ ದಾಖಲೆಯಲ್ಲಿ, ಆ ಖಾತೆ 'ಸೆಟಲ್ಡ್' ಎಂದು ಉಳಿದು, ಮುಂದೆ ಮನೆ ಸಾಲಕ್ಕೆ ಹೋದಾಗ ಪ್ರಶ್ನೆ ಏಳುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಸಾಲ ಮಾಡಿದವರಿಗೂ ಮರ್ಯಾದೆ ಇದೆ.

ಹೆಜ್ಜೆ 4: ಮರೆವಿಗೆ ಜಾಗ ಕೊಡಬೇಡಿ

ಆಟೋ ಪೇ ಹಾಕಿ. ಹಾಕುವಾಗ 'ಮಿನಿಮಮ್' ಮತ್ತು 'ಟೋಟಲ್' ಎಂದು ಎರಡು ಆಯ್ಕೆ ಬರುತ್ತವೆ. ಟೋಟಲ್ ಆರಿಸಿ. ಬಿಲ್ಲಿನ ದಿನಾಂಕ ನಿಮ್ಮ ಸಂಬಳಕ್ಕೆ ಹೊಂದದಿದ್ದರೆ ಬದಲಿಸಿಕೊಡಿ ಎಂದು ಕೇಳಿ. ಬಿಲ್ಲಿಂಗ್ ಸೈಕಲ್ಲನ್ನು ಕನಿಷ್ಠ ಒಮ್ಮೆಯಾದರೂ ಬದಲಿಸಲು ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮಗಳಲ್ಲೇ ಹೇಳಿದೆ. ಸಂಬಳ ಒಂದನೇ ತಾರೀಖು ಬರುವವರಿಗೆ ಕೊನೆಯ ದಿನ 3ರಿಂದ 8ರ ನಡುವೆ ಬಿದ್ದರೆ ಅನುಕೂಲ. ಒಂದೆರಡು ದಿನ ತಡವಾದರೆ ಗಾಬರಿ ಬೇಡ. ಮೂರು ದಿನ ದಾಟಿದ ಮೇಲಷ್ಟೇ ಲೇಟ್ ಫೀ ಹಾಕಬಹುದು.

ಹೆಜ್ಜೆ 5: ಶೆಟ್ಟರ ಕೆಲಸ ಮಾಡುವವರನ್ನು ಮನೆಯಲ್ಲಿ ನೇಮಿಸಿ

ಉಳಿದೆಲ್ಲ ಹೆಜ್ಜೆಗಳಿಗಿಂತ ನನಗೆ ಕೆಲಸಕ್ಕೆ ಬಂದದ್ದು ಇದು. ನಮ್ಮ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕ, ಮೊಳೆಗೆ ದಾರ ಕಟ್ಟಿ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದೇವೆ. ಕಾರ್ಡಿನಲ್ಲಿ ಏನು ಕೊಂಡರೂ ಆ ದಿನ ರಾತ್ರಿಯೇ ಅದರಲ್ಲಿ ಒಂದು ಸಾಲು: ತಾರೀಖು, ವಸ್ತು, ಮೊತ್ತ, ಕೆಳಗೆ ಈವರೆಗಿನ ಒಟ್ಟು. ಶನಿವಾರ ರಾತ್ರಿ ಊಟ ಆದ ಮೇಲೆ ಹೆಂಡತಿ ಗಟ್ಟಿಯಾಗಿ ಓದುತ್ತಾಳೆ: "ಇಲ್ಲೀವರೆಗೆ ಒಂಬತ್ತು ಸಾವಿರದ ನಾನೂರು ಆತು ನೋಡ್ರಿ, ಇನ್ನೂ ಹನ್ನೆರಡು ದಿನ ಅದಾವ." ಅಷ್ಟೇ. ಬೈಗುಳವಿಲ್ಲ, ಉಪದೇಶವಿಲ್ಲ. ಆ ಸಂಖ್ಯೆ ಕಿವಿಗೆ ಬಿದ್ದರೆ ಸಾಕು, ಮರುದಿನದ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಮೊಬೈಲಿನಲ್ಲೂ ಇದನ್ನು ಮಾಡಬಹುದು. ಆದರೆ ಗಟ್ಟಿಯಾಗಿ ಓದುವ ಭಾಗವನ್ನು ಬಿಡಬೇಡಿ.

ಇದರ ಜೊತೆ ಇನ್ನೊಂದು ಅಭ್ಯಾಸ ಮಾಡಿಕೊಂಡೆವು. ಕಾರ್ಡಿನಲ್ಲಿ ಎಷ್ಟು ಉಜ್ಜುತ್ತೇವೋ ಅಷ್ಟನ್ನು ಸಂಬಳದ ಖಾತೆಯಿಂದ ಬೇರೆ ಉಳಿತಾಯ ಖಾತೆಗೆ ವಾರಕ್ಕೊಮ್ಮೆ ದಾಟಿಸುತ್ತೇವೆ. ಬಿಲ್ಲಿನ ಆಟೋ ಪೇ ಆ ಖಾತೆಗೇ ಜೋಡಿಸಿದೆ. ಬಿಲ್ಲು ಬಂದ ದಿನ ಹಣ ಆಗಲೇ ಅಲ್ಲಿ ಕೂತಿರುತ್ತದೆ. ಸಂಬಳದ ಖಾತೆಯಲ್ಲಿ ಕಾಣುವುದು ನಿಜಕ್ಕೂ ಖರ್ಚು ಮಾಡಬಹುದಾದ ಹಣ ಮಾತ್ರ.

ಕೈಗೆ ಕಡಿವಾಣ ಹಾಕುವ ಸಣ್ಣ ಉಪಾಯಗಳೂ ಇವೆ. ಶಾಪಿಂಗ್ ಮತ್ತು ಊಟ ತರಿಸುವ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅಳಿಸಿ. ಪ್ರತಿ ಸಲ ಹದಿನಾರು ಅಂಕಿ ಒತ್ತಬೇಕಾದಾಗ ಯೋಚನೆಗೆ ಸಮಯ ಸಿಗುತ್ತದೆ. ಪಿನ್ ಇಲ್ಲದೆ ತಾಗಿಸಿ ₹5,000ದವರೆಗೆ ಕೊಡುವ ಸೌಲಭ್ಯ ಬೇಡವಾದರೆ ಅದನ್ನು ಆರಿಸಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದವರು ವಿಶೇಷವಾಗಿ ಎಚ್ಚರದಿಂದಿರಿ. ಟೀ, ಆಟೋ, ಹೂವು ಎಂದು ಇಪ್ಪತ್ತು ಮೂವತ್ತು ರೂಪಾಯಿಯದೂ ಉದ್ರಿಯಾಗುತ್ತದೆ, ಆ ಸಣ್ಣವು ವಹಿಗೆ ಏರುವುದೇ ಇಲ್ಲ. ನಾವು ಯುಪಿಐಯನ್ನು ಉಳಿತಾಯ ಖಾತೆಗೆ ಮಾತ್ರ ಇಟ್ಟುಕೊಂಡಿದ್ದೇವೆ.

ಲಿಮಿಟ್ ಹೆಚ್ಚಿಸುತ್ತೇವೆ ಎಂದು ಫೋನ್ ಬಂದರೆ ಅದು ಸಂಬಳ ಹೆಚ್ಚಾದ ಸುದ್ದಿಯಲ್ಲ. ನೀವು ಒಪ್ಪದೆ ಹೆಚ್ಚಿಸುವಂತಿಲ್ಲ. ಹಿಡಿತ ಕಷ್ಟ ಎನಿಸಿದರೆ ತಗ್ಗಿಸಿ ಎಂದೇ ಕೇಳಬಹುದು. ಆದರೆ ಲಿಮಿಟ್ಟಿನ ಹೆಚ್ಚಿನ ಪಾಲನ್ನು ಪ್ರತಿ ತಿಂಗಳೂ ಬಳಸುತ್ತಿದ್ದರೆ ಸಿಬಿಲ್ ಸ್ಕೋರ್ ಇಳಿಯಬಹುದು. ಮೂರನೇ ಒಂದು ಭಾಗದ ಒಳಗೆ ಇದ್ದರೆ ಒಳ್ಳೆಯದು.

ಹೆಜ್ಜೆ 6: ದಸರಾ, ದೀಪಾವಳಿ ಸೇಲ್ ಬಂದಾಗ

ಬಡ್ಡಿಯಿಲ್ಲದ ಕಂತು ಎಂದು ಹೇಳಿ ಮಾರುವ ನೋ ಕಾಸ್ಟ್ ಇಎಂಐ ಬಗ್ಗೆ ಎರಡು ಮಾತು. ಬ್ಯಾಂಕ್ ಬಡ್ಡಿ ಬಿಡುವುದಿಲ್ಲ. ಆ ಬಡ್ಡಿಯಷ್ಟನ್ನು ಮಾರುವವರು ಬೆಲೆಯಲ್ಲಿ ಕಡಿಮೆ ಮಾಡಿ ಸರಿದೂಗಿಸುತ್ತಾರೆ. ₹24,000ದ ಫೋನಿನ ಆರು ತಿಂಗಳ ಕಂತಿನಲ್ಲಿ ಬಡ್ಡಿ ಒಟ್ಟು ₹1,000 ಎಂದುಕೊಳ್ಳಿ. ಅದು ರಿಯಾಯಿತಿಯಲ್ಲಿ ಹೋಯಿತು. ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿ ₹180 ನಿಮ್ಮದೇ. ಪ್ರೊಸೆಸಿಂಗ್ ಫೀ ₹199 ಇದ್ದರೆ ಅದೂ, ಅದರ ಜಿಎಸ್‌ಟಿ ₹36 ಕೂಡ. ಒಟ್ಟು ₹415. ಒಂದೇ ಸಲ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಅಂಗಡಿಯಲ್ಲಿ ಮೊದಲು ಕೇಳಿ, ಆಮೇಲೆ ತೀರ್ಮಾನಿಸಿ. ಬೇಕೇ ಬೇಕಾದ ವಸ್ತುವಿಗೆ, ಒಂದೇ ಒಂದು ಇಎಂಐ ನಡೆಯುತ್ತಿದ್ದರೆ, ನನ್ನ ತಕರಾರಿಲ್ಲ. ನಾಲ್ಕು ಸಣ್ಣ ಇಎಂಐಗಳು ಒಟ್ಟಿಗೆ ಓಡತೊಡಗಿದರೆ ಸಂಬಳ ಬಂದ ದಿನವೇ ಖಾಲಿ.

ರಿವಾರ್ಡ್ ಪಾಯಿಂಟ್‌ಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಹೇಗೂ ಮಾಡಬೇಕಿದ್ದ ಖರ್ಚಿಗೆ ಬಂದರೆ ತೆಗೆದುಕೊಳ್ಳಿ. ಪಾಯಿಂಟಿಗಾಗಿ, ಫೀ ಮನ್ನಾ ಆಗಲಿ ಎಂದು ವರ್ಷದ ಗುರಿ ಮುಟ್ಟಿಸಲು ಕೊಳ್ಳಬೇಡಿ.

ಹೆಜ್ಜೆ 7: ಹಕ್ಕು ತಿಳಿದಿರಲಿ

ಸಿಬಿಲ್ ಸೇರಿದಂತೆ ದೇಶದ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಮೂರು ಮೂರು ತಿಂಗಳಿಗೆ ಒಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮದಲ್ಲದ ಸಾಲ, ಮುಚ್ಚಿದರೂ ತೆರೆದೇ ಇರುವ ಕಾರ್ಡು ಇವೆಯೇ ನೋಡಿ. ಕೇಳದೆ ಕಾರ್ಡು ಕಳಿಸುವಂತಿಲ್ಲ. ಕಳಿಸಿ, ಅದಕ್ಕೆ ಶುಲ್ಕ ಹಾಕಿದರೆ ಆ ಶುಲ್ಕ ವಾಪಸ್ ಮಾಡಿ, ಮೇಲೆ ಅದರ ಎರಡು ಪಟ್ಟು ದಂಡ ಕೊಡಬೇಕು. ನೀವು ಮಾಡದ ವ್ಯವಹಾರದ ಮೆಸೇಜು ಬಂದರೆ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಗಂಟೆಯಲ್ಲೇ ಮಾಡಿ.

ಕೊನೆಯದಾಗಿ, ಬೇಡದ ಕಾರ್ಡು ಮುಚ್ಚುವುದು. ನಾನು ಸಾಲ ತೀರಿಸಿ ಆ ಕಾರ್ಡು ಮುಚ್ಚಿ ಎಂದಾಗ ಕಾಲ್ ಸೆಂಟರಿನವರು ಹೊಸ ಆಫರ್ ಹೇಳುತ್ತ ಎರಡು ವಾರ ತಳ್ಳಿದರು. ಆಗ ನನಗೆ ನಿಯಮ ಗೊತ್ತಿರಲಿಲ್ಲ. ಈಗಿನ ನಿಯಮದಲ್ಲಿ ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ಮುಚ್ಚುವವರೆಗೆ ದಿನಕ್ಕೆ ₹500 ನಿಮಗೆ ಕೊಡಬೇಕು. ಫೋನಿನ ಮಾತಿಗಿಂತ ಇಮೇಲ್ ಒಳ್ಳೆಯದು, ತಾರೀಖಿಗೆ ಸಾಕ್ಷಿ ಇರುತ್ತದೆ. ಮುಚ್ಚುವ ಮುನ್ನ ಪಾಯಿಂಟ್ ಬಳಸಿಬಿಡಿ, ಆ ಕಾರ್ಡಿನಿಂದ ಕಡಿತವಾಗುವ ಒಟಿಟಿ, ವಿಮೆ, ಕರೆಂಟ್ ಬಿಲ್ಲಿನ ಆಟೋ ಪೇ ಬೇರೆಡೆಗೆ ಬದಲಿಸಿ. ತುಂಬ ಹಳೆಯ, ಫೀ ಇಲ್ಲದ ಕಾರ್ಡಿದ್ದರೆ ಅದನ್ನು ಉಳಿಸಿಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಸರಿಯಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು, ಮಾಹಿತಿಗೆ 14448.

ಮುಚ್ಚಿದ ಮೇಲೆ 'ಬಾಕಿ ಇಲ್ಲ' ಎಂಬ ಪತ್ರವನ್ನು ಕೇಳಿ ಪಡೆದು, ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ನಮ್ಮದು ಗ್ಯಾಸ್ ಪುಸ್ತಕ, ಒಡವೆ ಬಿಡಿಸಿಕೊಂಡ ರಸೀದಿಗಳ ಜೊತೆ ಒಂದೇ ಫೈಲಿನಲ್ಲಿದೆ. ಬಳೆಗಳು ಹೆಂಡತಿಯ ಕೈಗೆ ಮರಳಿ ಬಂದದ್ದು ಒಂಬತ್ತನೇ ತಿಂಗಳಿಗೆ.